ಡೇರಿಗೆ ಬಾರದವರನ್ನು ಹುಡುಕುವ ಲಿಂಗಕ್ಕ

ಕುಣಿಗಲ್ ತಾಲ್ಲೂಕು ಕೊತ್ತಗೆರೆ ಹೋಬಳಿಯ ಈ ಸಣ್ಣ ಊರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಾಲಿನ ಡೇರಿಯ ಮುಂದೆ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೆಟ್ಟು, ಸೊಟ್ಟಗಾದ ಅಲ್ಯೂಮಿನಿಯಂ ಪಾತ್ರೆ ಹಿಡಿದವರು ಸಾಲಾಗಿ ನಿಂತಿದ್ದಾರೆ. ತೆಂಗಿನ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಪಕ್ಕದ ಕಲ್ಲುಬೆಂಚಿನ ಮೇಲೆ, ಸ್ವೆಟರಿನ ಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿ ಇಟ್ಟ ಹೆಂಗಸೊಬ್ಬರು ಕೂತಿದ್ದಾರೆ. ಅವರ ಕೈಯಲ್ಲಿ ಹಾಲಿನ ಪಾತ್ರೆ ಇಲ್ಲ. ಕಾಲ ಬಳಿ ನೀಲಿ ಬಣ್ಣದ ಐಸ್ ಡಬ್ಬಿ ಇದೆ. ಬಂದವರ ಮುಖ ಒಂದೊಂದಾಗಿ ನೋಡುತ್ತಾ ಅವರು ಲೆಕ್ಕ ಹಾಕುತ್ತಿರುವುದು ಯಾರು ಬಂದಿಲ್ಲ ಎಂದು.

“ಏನ್ ನರಸಯ್ಯ, ಇವತ್ತು ನೀನೇ ಹಾಲು ತಂದಿದೀಯ? ಸುಧಾ ಎಲ್ಲಿ?” ಸಾಲಿನ ಕೊನೆಯಲ್ಲಿ ನಿಂತ ಗಂಡಸನ್ನು ಅವರು ಕೇಳುತ್ತಾರೆ.

“ಮಲಗವ್ಳೆ ಕಣಕ್ಕ. ನೆನ್ನೆ ಸಂಜೆಯಿಂದ ಮೈ ಕೆಂಡ ಆಗೈತೆ. ಹಾಲು ಕರಿಯಾಕೆ ನಾನು ಕೂತ್ರೆ ಹಸ ಒದ್ದೇಬುಡ್ತು.”

“ಹಸೂಗೂ ಗೊತ್ತು ಬುಡು, ನಿನ್ ಕೆಲಸ ಎಷ್ಟು ಅಂತ,” ಎಂದು ಸಾಲಿನಲ್ಲಿ ಯಾರೋ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಐಸ್ ಡಬ್ಬಿಯವರು ಮಾತ್ರ ನಗುವುದಿಲ್ಲ. “ಕೆಮ್ಮು ಐತಾ? ಮೈಕೈ ನೋವು?” ಎಂದು ಕೇಳಿದವರು ಉತ್ತರ ಪೂರ್ತಿ ಬರುವ ಮೊದಲೇ ಡಬ್ಬಿ ಎತ್ತಿಕೊಂಡು ಮೊಪೆಡ್ಡಿನ ಕಡೆ ಹೊರಟಿದ್ದಾರೆ. “ಹಾಲು ಹಾಕಿ ಬೇಗ ಬಾ. ನಾನು ಮನೆ ತಾವ ಇರ್ತೀನಿ.”

ಇವರ ಹೆಸರು ಬಸವಲಿಂಗಮ್ಮ. ಊರಿಗೆಲ್ಲ ಲಿಂಗಕ್ಕ. ತುಮಕೂರಿನ ಒಂದು ಸಣ್ಣ ಸಂಶೋಧನಾ ಕೇಂದ್ರ ಎರಡು ವರ್ಷದಿಂದ ನಡೆಸುತ್ತಿರುವ ಔಷಧ ಪರೀಕ್ಷೆಗೆ ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಜನರನ್ನು ಹುಡುಕಿ ಸೇರಿಸುವುದು ಇವರ ಕೆಲಸ. ರಕ್ತದಲ್ಲಿನ ಕೊಬ್ಬು ಇಳಿಸಲು ಹೃದ್ರೋಗಿಗಳು ದಿನಾ ನುಂಗುವ ಒಂದು ಹಳೆಯ, ಅಗ್ಗದ ಮಾತ್ರೆ ಇದೆ. ಅದನ್ನು ಫ್ಲೂ ಜ್ವರ ಬಂದವರಿಗೆ ಕೊಟ್ಟರೆ ಜ್ವರ ಎದೆಗೆ ಇಳಿಯುವುದು ತಪ್ಪೀತೇ? ಪರೀಕ್ಷೆ ಇರುವುದು ಈ ಒಂದು ಪ್ರಶ್ನೆಗೆ. ಹೊಸಬರನ್ನು ಸೇರಿಸಿಕೊಳ್ಳಲು ಉಳಿದಿರುವುದು ಈ ವಾರ ಮಾತ್ರ. ಅದೇ ವಾರ ಪರೀಕ್ಷೆಯ ಮುಖ್ಯ ಕಚೇರಿ ಇರುವ ಬೆಂಗಳೂರಿನಿಂದ ತಪಾಸಣೆಯವರೂ ಬರುತ್ತಿದ್ದಾರೆ. ಕುಣಿಗಲ್ ಕಡೆಯ ಹಳ್ಳಿಗಳ ಲೆಕ್ಕ ಉಳಿಯಬೇಕೋ, ಪೂರ್ತಿ ಕೈಬಿಡಬೇಕೋ ಎಂದು ಅವರು ತೀರ್ಮಾನಿಸುತ್ತಾರೆ. ಲಿಂಗಕ್ಕನ ಕಾಲು ನೆಲದ ಮೇಲೆ ನಿಲ್ಲದಿರುವುದು ಅದಕ್ಕೇ.

ನರಸಯ್ಯನ ಮನೆಯ ನಡುಮನೆಯಲ್ಲಿ ಸುಧಾ ಕಂಬಳಿ ಹೊದ್ದು ಕೂತಿದ್ದಾರೆ. ಲಿಂಗಕ್ಕ ಮಾಸ್ಕ್, ಗ್ಲೌಸ್ ಹಾಕಿಕೊಂಡು ಮೂಗಿಗೆ ಕಡ್ಡಿ ಹಾಕಿ ತೆಗೆಯುತ್ತಾರೆ. ಸ್ವಲ್ಪ ಹೊತ್ತಿಗೆ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡುತ್ತವೆ. ಫ್ಲೂ ಹೌದು. ಲಿಂಗಕ್ಕ ಫೋನಿನಲ್ಲಿ ಡಾಕ್ಟರಿಗೆ ತಿಳಿಸಿ, ಸುಧಾ ಕಡೆ ತಿರುಗುತ್ತಾರೆ.

“ಎರಡು ಥರ ಮಾತ್ರೆ ಐತೆ ಕಣಮ್ಮಿ. ಒಂದ್ರಲ್ಲಿ ಮದ್ದು ಐತೆ, ಇನ್ನೊಂದ್ರಲ್ಲಿ ಇಲ್ಲ. ನೋಡೋಕೆ ಎರಡೂ ಒಂದೇ. ನಿಂಗೆ ಯಾವ್ದು ಬರುತ್ತೋ ನಂಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ. ಜ್ವರದ ಮಾಮೂಲಿ ಔಷಧಿ ಹೆಂಗೂ ಕೊಡ್ತೀವಿ, ಇದು ಅದರ ಜೊತೆಗೆ. ಬ್ಯಾಡ ಅಂದ್ರೆ ಬ್ಯಾಡ. ಬೇಜಾರೇನೂ ಇಲ್ಲ.”

“ಗೊತ್ತಿಲ್ದೇ ಇರೋದನ್ನ ಕೊಡೋಕೆ ಹೊತ್ತು ಹುಟ್ಟೋಕ್ ಮುಂಚೆ ಬಂದ್ಯಾ ಅಕ್ಕ?”

“ಗೊತ್ತಿದ್ರೆ ಯಾಕ್ ಬರ್ತಿದ್ದೆ? ಗೊತ್ತಾಗ್ಲಿ ಅಂತಾನೇ ಬಂದಿರೋದು.”

ಸುಧಾ ಕೆಮ್ಮುತ್ತಲೇ ನಗುತ್ತಾರೆ. ಆಮೇಲೆ ಒಪ್ಪಿ ತಲೆ ಆಡಿಸುತ್ತಾರೆ. ಬಿಸಿಲೇರುವ ಹೊತ್ತಿಗೆ ಕೇಂದ್ರದ ಜೀಪಿನಲ್ಲಿ ಡಾ. ಪಲ್ಲವಿ ಬರುತ್ತಾರೆ. ಸುಧಾ ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟು, ರಕ್ತ ನೋಡಿ, ಬಸುರಿಯಲ್ಲ, ಯಕೃತ್ತಿನ ತೊಂದರೆ ಇಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ಮಾತ್ರೆಯ ಸೀಸೆ ಕೈಗೆ ಕೊಡುತ್ತಾರೆ. ಕೊಟ್ಟ ಕೂಡಲೇ ಲಿಂಗಕ್ಕ ಕೇಳುವ ಪ್ರಶ್ನೆ ವಿಚಿತ್ರವಾಗಿದೆ: “ಈ ಮನೇಲಿ ನಿನ್ ಒಬ್ಬಳದ್ದೇ ಅಂತ ಏನೈತೆ?”

ಸುಧಾ ಯೋಚಿಸುತ್ತಾರೆ. “ಹೊಲಿಗೆ ಮಿಷಿನ್ ಡ್ರಾಯರು,” ಎನ್ನುತ್ತಾರೆ.

“ಹಂಗಾದ್ರೆ ಅದ್ರೊಳಗೆ ಇಡು. ಬ್ಯಾರೆ ಎಲ್ಲೂ ಇಡ್ಬೇಡ.”

ಈ ಪ್ರಶ್ನೆ ಹುಟ್ಟಿದ್ದು ಬಿಸ್ಕತ್ತಿನ ಒಂದು ಡಬ್ಬಿಯಿಂದ. ಆದರೆ ಅದಕ್ಕೂ ಮೊದಲು ಲಿಂಗಕ್ಕ ಈ ಕಲ್ಲುಬೆಂಚಿಗೆ ಬಂದು ಕೂತದ್ದು ಹೇಗೆ ಎಂಬುದನ್ನು ಹೇಳಬೇಕು.

ಲಿಂಗಕ್ಕ ಇದೇ ಡೇರಿಯಲ್ಲಿ ವರ್ಷಗಟ್ಟಲೆ ಹಾಲಿನ ಶ್ಯಾಂಪಲ್ ತೆಗೆಯುತ್ತಿದ್ದವರು. ಪ್ರತಿಯೊಬ್ಬರ ಪಾತ್ರೆಯಿಂದ ಒಂದಿಷ್ಟು ಹಾಲು ತೆಗೆದು, ಫ್ಯಾಟ್ ಎಷ್ಟಿದೆ ಎಂದು ಮಿಷಿನ್ನಿನಲ್ಲಿ ನೋಡಿ, ಆಮೇಲೆ ದೊಡ್ಡ ಕ್ಯಾನಿಗೆ ಸುರಿಸಿಕೊಳ್ಳುವುದು ಅವರ ಕೆಲಸವಾಗಿತ್ತು. ಡೇರಿಯ ಸೆಕ್ರೆಟರಿ ಅವರ ಸ್ವಂತ ತಮ್ಮ ಪರಮಶಿವಯ್ಯ. ಅಕ್ಕ ಶ್ಯಾಂಪಲ್ಲಿಗೆ, ತಮ್ಮ ತೂಕಕ್ಕೆ. ತುಂಬಿದ ಹಾಲಿನ ಕ್ಯಾನನ್ನು ಒಂದೇ ಕೈಯಲ್ಲಿ ವ್ಯಾನಿಗೆ ಏರಿಸುತ್ತಿದ್ದ ಆಳು ಅವನು.

ಒಂದು ಚಳಿಗಾಲ ಪರಮಶಿವಯ್ಯನಿಗೆ ಜ್ವರ ಬಂತು. ಬೆಳಿಗ್ಗೆ ಡೇರಿ ಬಾಗಿಲು ತೆಗೆಯಲು ಬರಲಿಲ್ಲ. ಮರುದಿನವೂ ಬರಲಿಲ್ಲ. “ನೆಗಡಿ ಜ್ವರ ಅಂದ್ರೆ ಯಾರು ಎಣಿಸ್ತಾರೆ ಹೇಳಿ? ನಾನೇ ಬಾಗಿಲು ತೆಗ್ದೆ, ಊರವರೆಲ್ಲ ಹಾಲು ಹಾಕಿದ್ರು, ಹೋದ್ರು. ಸೆಕ್ರೆಟರಿ ಎಲ್ಲಿ ಅಂತ ಒಬ್ರೂ ಕೇಳಲಿಲ್ಲ. ನಾಳೆ ಬರ್ತಾನೆ ಬುಡು ಅಂತ ಎಲ್ಲರೂ ಅಂದ್ಕೊಂಡ್ವಿ,” ಎನ್ನುತ್ತಾರೆ ಲಿಂಗಕ್ಕ. ತುಮಕೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಜ್ವರ ಎದೆಗೆ ಇಳಿದಿತ್ತು. ಪರಮಶಿವಯ್ಯ ವಾಪಸು ಬರಲಿಲ್ಲ. ಅಲ್ಲಿನ ವೈದ್ಯರೊಬ್ಬರು ಹೇಳಿದ ಮಾತು ಲಿಂಗಕ್ಕನ ತಲೆಯಲ್ಲಿ ಉಳಿಯಿತು: ರೋಗಾಣು ಹೊತ್ತಿಸಿದ ಬೆಂಕಿಯನ್ನು ಆರಿಸಲು ಹೋಗಿ ಮೈಯೇ ದೊಡ್ಡ ಬೆಂಕಿ ಹಚ್ಚಿಕೊಂಡುಬಿಡುತ್ತದೆ, ಕೆಲವರು ಸಾಯುವುದು ಆ ಎರಡನೆಯ ಬೆಂಕಿಯಿಂದ.

ಕೊಬ್ಬಿನ ಮಾತ್ರೆ ಆ ಎರಡನೆಯ ಬೆಂಕಿಯನ್ನು ತಣ್ಣಗಾಗಿಸಬಹುದು ಎಂಬುದು ಕೆಲವು ವೈದ್ಯರ ಊಹೆ. ಹಾಗೇನಿಲ್ಲ ಎನ್ನುವವರೂ ಇದ್ದಾರೆ. “ಇದು ಊಹೆಯೇ ಹೊರತು ಚಿಕಿತ್ಸೆ ಅಲ್ಲ. ಓದಿದವರು ಅಂಗಡಿಗೆ ಹೋಗಿ ತಾವಾಗಿ ಮಾತ್ರೆ ತಗೋಬಾರದು. ದಯವಿಟ್ಟು ಅದನ್ನ ಬರೀರಿ,” ಎಂದು ಡಾ. ಪಲ್ಲವಿ ಒತ್ತಿ ಹೇಳುತ್ತಾರೆ. ಪರೀಕ್ಷೆಗೆ ಜನ ಬೇಕು, ಅದೂ ಜ್ವರ ಹತ್ತಿ ಎರಡು ದಿನ ದಾಟದವರು. ಹಳ್ಳಿಯಲ್ಲಿ ಅಂಥವರು ಆಸ್ಪತ್ರೆಗೆ ಬರುವುದೇ ಇಲ್ಲ. ಕಷಾಯ ಕುಡಿದು ಮಲಗುತ್ತಾರೆ. ಕೇಂದ್ರ ಈ ಕೆಲಸಕ್ಕೆ ಜನ ಹುಡುಕುತ್ತಿದ್ದಾಗ ಲಿಂಗಕ್ಕ ಹೋಗಿ ಕೇಳಿದ್ದು ಒಂದೇ ಮಾತು: “ಯಾರು ಮಲಗವ್ರೆ ಅಂತ ಡೇರಿ ಮುಂದೆ ಕೂತ್ರೆ ಗೊತ್ತಾಗುತ್ತೆ ಮೇಡಂ. ಕೂತ್ಕೊಳ್ಳಾ?”

ಆವತ್ತಿನಿಂದ ಕೂತಿದ್ದಾರೆ. ಒಂದೊಂದು ದಿನ ಒಂದೊಂದು ಊರಿನ ಡೇರಿ. ಹಸು ಇದ್ದ ಮನೆಯಲ್ಲಿ ಹಾಲು ಕರೆಯುವವರು, ಡೇರಿಗೆ ತರುವವರು ಯಾರೆಂಬುದು ಬದಲಾಗುವುದಿಲ್ಲ. ಬದಲಾದರೆ ಆ ಮನೆಯಲ್ಲಿ ಏನೋ ಆಗಿದೆ ಎಂದರ್ಥ. ಗುಬ್ಬಿಯಲ್ಲಿ ಲಿಂಗಕ್ಕನ ಮುಖ ಯಾರಿಗೂ ಪರಿಚಯವಿರಲಿಲ್ಲ; ಯಾವ ಮನೆಯಿಂದ ಯಾರು ಬಂದರು ಎಂದು ಹೇಳುವವರು ಬೇಕಿತ್ತು. ಅಲ್ಲಿ ಗುರುಸಿದ್ದಯ್ಯನವರ ಹಿಟ್ಟಿನ ಮಿಲ್ ಮುಂದೆ ಕೂರುತ್ತಾರೆ. ರಾಗಿ ಬೀಸಿಸಲು ಸೊಸೆಯ ಬದಲು ಮಾವ ಬಂದರೆ ಗುರುಸಿದ್ದಯ್ಯನವರೇ ಈಗ ಫೋನ್ ಮಾಡಿ, “ಲಿಂಗಮ್ಮ, ಒಂದು ಕೇಸ್ ಇದ್ದಂಗೈತೆ, ಬರ್ತೀಯೇನವ್ವ?” ಎನ್ನುತ್ತಾರೆ.

ಮೊದಮೊದಲು ಜನ ಕಡ್ಡಿ ನೋಡಿದರೆ ಓಡುತ್ತಿದ್ದರು. ಕೊರೊನಾ ಕಾಲದ ನೆನಪು. “ಇಷ್ಟು ವರ್ಷ ಹಾಲಿನ ಫ್ಯಾಟ್ ನೋಡ್ದೆ, ಈಗ ನಮ್ಮ ಫ್ಯಾಟ್ ನೋಡಾಕೆ ಬಂದ್ಯಾ?” ಎಂದು ಹೆಂಗಸರು ಚುಡಾಯಿಸುತ್ತಿದ್ದರು. “ನನ್ ಮೈಯಾಗೆ ಮೂಳೆ ಬಿಟ್ರೆ ಏನೂ ಇಲ್ಲ, ಕೊಬ್ಬು ಇಳಿಸೋ ಮಾತ್ರೆ ನಮ್ ಅತ್ತೇಗೆ ಕೊಡು,” ಎಂದವರೂ ಉಂಟು. ಲಿಂಗಕ್ಕ ಯಾವುದಕ್ಕೂ ಸಿಟ್ಟಾಗುವುದಿಲ್ಲ. ಹಾಲಿಗೆ ನೀರು ಬೆರೆಸಿದವರೊಂದಿಗೆ ಜಗಳವಾಡಿ ಪಳಗಿದ ನಾಲಿಗೆ ಅದು. ತಿರುಗಿಸಿ ಒಂದು ಮಾತು ಕೊಟ್ಟು ಕೆಲಸ ಮುಗಿಸುತ್ತದೆ.

ಮನೆಯವರೂ ಈ ಕೆಲಸಕ್ಕೆ ಸೇರಿಕೊಂಡಿದ್ದಾರೆ. ಗಂಡ ಮಹಾದೇವಯ್ಯ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಿಗ್ಗೆ ಶಿಫ್ಟಿಗೆ ಹೋಗುವಾಗ, ಮೂಗಿನಿಂದ ತೆಗೆದ ಕಡ್ಡಿಗಳಿರುವ, ಸೀಲ್ ಮಾಡಿದ ಐಸ್ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ತುಮಕೂರಿನ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಕೇಂದ್ರದವರು ಅದಕ್ಕೆ ಅವರಿಗೂ ತರಬೇತಿ ಕೊಟ್ಟಿದ್ದಾರೆ. “ಟೀ ಅಂಗಡೀಲಿ ನಿಲ್ಸಿದ್ರೆ ಸಾಕು, ಮೀನು ವ್ಯಾಪಾರ ಶುರು ಮಾಡ್ದಾ ಮಾದೇವಣ್ಣ ಅಂತಾರೆ. ಹೂಂ ಕಣ್ರಪ್ಪ, ಆದ್ರೆ ಇದು ಯಾರಿಗೂ ಬೇಡದ ಮೀನು ಅಂತೀನಿ,” ಎಂದು ಮಹಾದೇವಯ್ಯ ನಗುತ್ತಾರೆ.

ಇನ್ನು ಬಿಸ್ಕತ್ ಡಬ್ಬಿಯ ವಿಷಯ.

ಇದೇ ಊರಿನ ಚಿಕ್ಕಮಾರಯ್ಯ, ಹನುಮಕ್ಕ ಇಬ್ಬರೂ ವಯಸ್ಸಾದವರು. ಎರಡು ಹಸು ಇವೆ. ಹೋದ ಮಳೆಗಾಲದ ಕೊನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಫ್ಲೂ ಹತ್ತಿತು, ಇಬ್ಬರೂ ಪರೀಕ್ಷೆಗೆ ಸೇರಿದರು. ಇಬ್ಬರಿಗೂ ಬೇರೆ ಬೇರೆ ಸೀಸೆ, ಸೀಸೆಯ ಮೇಲೆ ಬೇರೆ ಬೇರೆ ಸಂಖ್ಯೆ. ಒಂದರಲ್ಲಿ ಮದ್ದು ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಕೆಲವು ದಿನ ಬಿಟ್ಟು ಲಿಂಗಕ್ಕ ನೋಡಲು ಹೋಗಿ, “ಸೀಸೆ ತೋರ್ಸು ಹನುಮಕ್ಕ,” ಎಂದರು. ಹನುಮಕ್ಕ ಅಡುಗೆಮನೆಯಿಂದ ಒಂದು ಹಳೆಯ ಬಿಸ್ಕತ್ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಇಬ್ಬರ ಮಾತ್ರೆಯೂ ಒಟ್ಟಿಗೇ ಇದ್ದವು.

“ಎರಡು ಸೀಸೆ ಯಾಕೆ ಸುಮ್ನೆ ಜಾಗಕ್ಕೆ ಅಂತ ಒಂದಕ್ಕೇ ಸುರುದೆ ಕಣವ್ವ. ಎಲ್ಲ ಒಂದೇ ಥರ ಅವೆ. ದಿನಾ ಅವ್ರಿಗೊಂದು, ನಂಗೊಂದು. ಎರಡು ಹಸ ಹಾಲು ಒಂದೇ ಕ್ಯಾನಿಗೆ ಹಾಕಲ್ವಾ?”

“ಸೀಸೆಗಳು?”

“ಒಂದ್ರಾಗೆ ಕುಂಕುಮ ಹಾಕಿವ್ನಿ. ಇನ್ನೊಂದು ಅವರ ನಶ್ಯಕ್ಕೆ.”

ಆ ಹೊತ್ತಿನ ಬಗ್ಗೆ ಹೇಳುವಾಗ ಲಿಂಗಕ್ಕ ಇಂದೂ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. “ಡೇರೀಲಿ ನಾನೇ ದಿನಾ ಬಡ್ಕೋತಿದ್ದೆ, ಸುರಿಯೋಕೆ ಮುಂಚೆ ಶ್ಯಾಂಪಲ್ ಕೊಡ್ರವ್ವ ಅಂತ. ಕ್ಯಾನಿಗೆ ಬಿದ್ಮೇಲೆ ಯಾರ್ದು ಗಟ್ಟಿ ಹಾಲು, ಯಾರ್ದು ನೀರು ಹಾಲು ಅಂತ ಆ ಶಿವನಿಗೂ ಗೊತ್ತಾಗಲ್ಲ. ಮಾತ್ರೆ ಯಾರಿಗೂ ಕೊಡ್ಬೇಡಿ ಅಂತ ಹೇಳಿದ್ವಿ. ಬೆರೆಸಬೇಡಿ ಅಂತ ಹೇಳಾಕೆ ಯಾರಿಗೂ ಹೊಳೀಲೇ ಇಲ್ಲ.”

ವಿಷಯ ತಿಳಿದ ಮೇಲೆ ಹನುಮಕ್ಕ ಅತ್ತರು. “ಯಾರಿಗೂ ಹೇಳ್ಬ್ಯಾಡ ತಾಯಿ, ನನ್ ಮರ್ವಾದೆ ಹೋಗುತ್ತೆ,” ಎಂದು ಕೈ ಹಿಡಿದರು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೂ ನಿಜ. ಮಾತ್ರೆಗಳನ್ನು ಎರಡು ಪಾಲು ಮಾಡಿ ಸೀಸೆಗೆ ತುಂಬಿದ್ದರೆ ಮುಗಿಯುತ್ತಿತ್ತು. ಲಿಂಗಕ್ಕ ಕೊಟ್ಟಿಗೆಯಲ್ಲಿ ನಿಂತುಕೊಂಡೇ ಡಾ. ಪಲ್ಲವಿ ಅವರಿಗೆ ಫೋನ್ ಹಚ್ಚಿದರು.

“ಮೊದಲು ಇಬ್ಬರೂ ಹುಷಾರಾಗಿದ್ದಾರಾ ಅಂತ ಕೇಳಿದೆ,” ಎಂದು ಡಾಕ್ಟರ್ ನೆನೆಯುತ್ತಾರೆ. “ಹುಷಾರಾಗಿದ್ದರು. ಬೆಂಗಳೂರಿಗೆ ತಿಳಿಸಲೇಬೇಕು. ತಿಳಿಸಿದರೆ ಇಡೀ ಕುಣಿಗಲ್ ಭಾಗ ಹೋಗಬಹುದು. ಒಂದು ಮನೆಯಲ್ಲಿ ಹೀಗಾಗಿದ್ದರೆ ಉಳಿದ ಮನೆಗಳಲ್ಲಿ ಆಗಿಲ್ಲ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರೆ, ಕೇಳುವುದು ಸರಿಯೂ ಹೌದು.” ಅವರು ತಿಳಿಸಿದರು. ಬೆಂಗಳೂರಿನವರು ಅದೇ ಪ್ರಶ್ನೆ ಕೇಳಿದರು. ಸೇರಿಸಿಕೊಳ್ಳುವ ಕೆಲಸದ ಕೊನೆಯ ವಾರ ಬಂದು, ಇಬ್ಬರು ಒಟ್ಟಿಗೆ ಮಾತ್ರೆ ತೆಗೆದುಕೊಂಡ ಪ್ರತಿ ಮನೆಯನ್ನೂ ತಪಾಸಣೆ ಮಾಡುತ್ತೇವೆ, ಇನ್ನೊಂದು ಕಡೆ ಬೆರೆತದ್ದು ಕಂಡರೂ ಕುಣಿಗಲ್ ಕಡೆಯ ಲೆಕ್ಕವನ್ನೆಲ್ಲ ಬಿಡುತ್ತೇವೆ ಎಂದರು.

ಲಿಂಗಕ್ಕ ಆವತ್ತೇ ಹನುಮಕ್ಕನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: “ಈ ಮನೇಲಿ ಎಲ್ಲಾ ಒಟ್ಟಿಗೇ. ಸೋಪು ಒಂದು, ಡಬ್ಬಿ ಒಂದು, ಕ್ಯಾನು ಒಂದು. ನಿಂದು ಅಂತ, ಬ್ಯಾರೆಯೋರು ಕೈ ಹಾಕದೇ ಇರೋದು ಅಂತ ಏನಾದ್ರೂ ಐತಾ?” ಹನುಮಕ್ಕ ಮೂಗು ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲವನ್ನು ತಟ್ಟಿದರು. “ಇದುಕ್ಕೆ ನನ್ ಗಂಡ ಕೈ ಹಾಕ್ಲಿ, ಬೆರಳು ಮುರೀತೀನಿ.”

ಅಲ್ಲಿಂದ ಹಳ್ಳಿಗಳಲ್ಲಿ ಮಾತ್ರೆ ಸೀಸೆ ಎಲೆ ಅಡಿಕೆ ಚೀಲ ಸೇರಿತು. ಚೀಲ ಇಲ್ಲದವರಿಗೆ ಅವರವರದೇ ಒಂದು ಜಾಗ. ಈ ನಿಯಮ ಬೇರೆ ಜಿಲ್ಲೆಗಳ ಕೇಂದ್ರಗಳಿಗೂ ಹೋಗಿದೆಯಂತೆ. ಆದರೆ ಅದಕ್ಕೂ ಮೊದಲು ಮಾತ್ರೆ ಪಡೆದ ಮನೆಗಳ ಗತಿ ಏನು? ಅದೇ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಲಿಂಗಕ್ಕ ಇಷ್ಟು ತಿಂಗಳು ಡೇರಿಗಳ ಮುಂದೆ ಕೂತಿದ್ದಾರೆ. ಕೂಡಲೇ ಹೋಗಿ ಆ ಮನೆಗಳನ್ನು ಕೇಳಿಬಿಡಬಹುದಿತ್ತಲ್ಲ? “ನಾನು ಮೊದ್ಲೇ ಹೋಗಿ ಕೇಳಿದ್ರೆ, ಹೇಳ್ಕೊಟ್ಟು ಬಂದವ್ಳೆ ಅಂತಾರೆ. ಅವ್ರೇ ಬಂದು ಕೇಳ್ಲಿ ಅಂತ ಬಾಯಿ ಬಿಗಿ ಹಿಡ್ಕೊಂಡೆ,” ಎನ್ನುತ್ತಾರೆ.

ಸುಧಾಗೆ ಜ್ವರ ಹಿಡಿದ ಮೂರನೆಯ ದಿನ ತಪಾಸಣೆಯ ಕೃಷ್ಣಕುಮಾರ್ ಬರುತ್ತಾರೆ. ಮಾತು ಕಡಿಮೆ, ಮುಖದಲ್ಲಿ ಏನೂ ಕಾಣುವುದಿಲ್ಲ. ಲಿಂಗಕ್ಕ ಜೀಪಿನ ಹಿಂದಿನ ಸೀಟಿನಲ್ಲಿ ದಾರಿ ತೋರಿಸಲು ಮಾತ್ರ; ಮನೆಯೊಳಗೆ ಬರುವಂತಿಲ್ಲ. ಮೊದಲು ಹುಲಿಯೂರುದುರ್ಗ. ಅಲ್ಲಿ ಬೆಟ್ಟದ ಬುಡದಲ್ಲಿ ಅಣ್ಣ ತಮ್ಮಂದಿರ ಮನೆ. ಕೃಷ್ಣಕುಮಾರ್ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರುವುದಿಲ್ಲ. ಲಿಂಗಕ್ಕ ಬೀದಿಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ, ಬಸ್ಸಿನ ಹಾರನ್ನಿಗೆ ಬೆಚ್ಚುತ್ತಾರೆ. ಕೊನೆಗೆ ಬಾಗಿಲಲ್ಲಿ ಕೃಷ್ಣಕುಮಾರ್ ಕಾಣಿಸುತ್ತಾರೆ, ಅವರ ತುಟಿಯ ಅಂಚಿನಲ್ಲಿ ನಗು. ಅಣ್ಣ ತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿದೆ. ಒಬ್ಬನ ಖಾಲಿ ಸೀಸೆ ಇನ್ನೂ ಟ್ರಾಕ್ಟರಿನ ಟೂಲ್ ಬಾಕ್ಸಿನಲ್ಲಿತ್ತು, ಇನ್ನೊಬ್ಬನದು ಅಟ್ಟದ ಮೇಲಿನ ಟ್ರಂಕಿನಲ್ಲಿ. “ಅವನ ಮಾತ್ರೆ ಜೊತೆ ನನ್ ಮಾತ್ರೆ ಬೆರೆಸೋದಾ? ಸತ್ರೂ ಇಲ್ಲ ಸಾರ್!” ಎಂದನಂತೆ ಅಣ್ಣ.

“ಅವರ ಜಗಳಕ್ಕೆ ದೇವ್ರು ಒಳ್ಳೇದ್ ಮಾಡ್ಲಿ,” ಎಂದು ಲಿಂಗಕ್ಕ ಜೀಪಿನೊಳಗೆ ಕೈ ಮುಗಿಯುತ್ತಾರೆ.

ಮುಂದಿನ ಮನೆಯಲ್ಲಿ ಅತ್ತೆಯ ಸೀಸೆ ದೇವರ ಗೂಡಿನಲ್ಲಿ, ಸೊಸೆಯದು ಬೀರುವಿನಲ್ಲಿ. ಅದರಾಚೆಯ ಮನೆಯಲ್ಲಿ ತಂದೆ ತಮ್ಮ ಸೀಸೆಯನ್ನು ಕಂಬದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದರು, ಮಗನದು ಅವನ ಬ್ಯಾಗಿನಲ್ಲಿತ್ತು. ಒಂದೊಂದು ಮನೆ ದಾಟಿದಂತೆಲ್ಲ ಲಿಂಗಕ್ಕನ ದನಿ ಏರುತ್ತದೆ. ಸಂಜೆ ಹಾಲಿನ ಹೊತ್ತಿಗೆ ಉಳಿದಿರುವುದು ಹನುಮಕ್ಕನ ಮನೆ ಮಾತ್ರ. ಅಲ್ಲಿ ಬೆರೆತಿರುವುದು ಎಲ್ಲರಿಗೂ ಗೊತ್ತಿರುವುದೇ. ಆದರೂ ಹನುಮಕ್ಕ ಬಾಗಿಲಲ್ಲೇ ಅಡ್ಡ ನಿಂತಿದ್ದಾರೆ.

“ಬೆರೆಸಿದೋಳು ನಾನು ಸ್ವಾಮಿ. ಬೇಕಾದ್ರೆ ನನ್ನ ಬುಟ್ಬುಡಿ. ಊರಿನ ಲೆಕ್ಕ ತೆಗೀಬ್ಯಾಡಿ.”

“ನಿಮ್ಮನ್ನ ಬಿಟ್ಟಾಯ್ತು ಅಜ್ಜಿ,” ಎನ್ನುತ್ತಾರೆ ಕೃಷ್ಣಕುಮಾರ್. “ನಿಮ್ಮಿಬ್ಬರನ್ನ ಮಾತ್ರ. ಊರು ಇರುತ್ತೆ.”

ಲಿಂಗಕ್ಕ ಅಲ್ಲೇ ಜಗುಲಿಯ ಮೇಲೆ ಕೂತುಬಿಡುತ್ತಾರೆ. ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದವರು ಈಗ ಹನುಮಕ್ಕನ ಮನೆಯ ಹಾಲನ್ನು ಚೊಂಬಿನಲ್ಲೇ ಗಟಗಟ ಕುಡಿಯುತ್ತಾರೆ. ಸುದ್ದಿ ಕೇಳಿ ಡಾ. ಪಲ್ಲವಿ ಫೋನಿನಲ್ಲಿ ಖುಷಿಯಿಂದ ಕೂಗುವುದು ಬೀದಿಗೆ ಕೇಳಿಸುತ್ತದೆ.

ಈಗ ಕೇಂದ್ರದಲ್ಲಿ ಮದುವೆಮನೆಯ ಗಡಿಬಿಡಿ. ಸೇರಿಸಿಕೊಳ್ಳುವುದು ಮುಗಿದಿದೆ. ಸುಧಾ ಈ ಕಡೆಯ ಕೊನೆಯವರು. ಅವರ ದಿನಗಳೂ ಮುಗಿದ ಮೇಲೆ ಬೆಂಗಳೂರಿನಲ್ಲಿ ಗುಟ್ಟಿನ ಸಂಖ್ಯೆಗಳನ್ನು ಬಿಚ್ಚುತ್ತಾರೆ. ಯಾರ ಸೀಸೆಯಲ್ಲಿ ಮದ್ದಿತ್ತು, ಯಾರದರಲ್ಲಿ ಇರಲಿಲ್ಲ ಎಂದು ಒಬ್ಬೊಬ್ಬರಿಗೂ ತಿಳಿಸುತ್ತಾರೆ. ಹಳ್ಳಿಗಳಲ್ಲಿ ಆಗಲೇ ಪಂಥ ನಡೆದಿದೆ. ನನಗೆ ಸಿಕ್ಕಿದ್ದೇ ಅಸಲಿ, ನಾಲಿಗೆಗೆ ಕಹಿ ಹತ್ತಿತ್ತು ಎಂದು ಒಬ್ಬರು. ನಿನ್ನ ನಾಲಿಗೆಗೆ ಪಾಯಸವೂ ಕಹಿಯೇ ಎಂದು ಇನ್ನೊಬ್ಬರು.

“ಊರಿಗೆಲ್ಲ ಗೊತ್ತಾಗುತ್ತೆ, ನಮ್ಮಿಬ್ಬರಿಗೆ ಮಾತ್ರ ಇಲ್ಲ. ಎಲ್ಲ ಇವಳಿಂದ,” ಎಂದು ಚಿಕ್ಕಮಾರಯ್ಯ ಗೊಣಗುತ್ತಾರೆ.

“ಗೊತ್ತಾಗಿ ಏನ್ ಮಾಡ್ತಿದ್ದೆ? ನಶ್ಯ ಬುಡ್ತಿದ್ದಾ?” ಎನ್ನುತ್ತಾರೆ ಹನುಮಕ್ಕ.

ಲಿಂಗಕ್ಕನ ಆಸೆ ಏನು? ಮಾತ್ರೆ ಕೆಲಸ ಮಾಡಲಿ ಎಂದೇ? ಅವರು ಹೇಳುತ್ತಾರೆ: “ಮಾಡಿದ್ರೆ ಖುಷಿ. ಇಲ್ಲ ಅಂದ್ರೂ ಬೇಜಾರಿಲ್ಲ. ನಮ್ ಪರಮಶಿವನ ಹೊತ್ತಲ್ಲಿ ಹೂಂ ಅನ್ನೋರೂ ಇರ್ಲಿಲ್ಲ, ಊಹೂಂ ಅನ್ನೋರೂ ಇರ್ಲಿಲ್ಲ. ಯಾರೂ ನೋಡೇ ಇರ್ಲಿಲ್ಲ. ನಾವು ನೋಡಿದ್ವಿ. ಆ ಉತ್ತರದಾಗೆ ನಮ್ಮೂರೂ ಐತೆ.”

ಮರುವಾರದ ಒಂದು ಬೆಳಿಗ್ಗೆ. ಹೊಸಬರನ್ನು ಸೇರಿಸುವ ಕೆಲಸವಿಲ್ಲ, ನೀಲಿ ಡಬ್ಬಿಯೂ ಇಲ್ಲ. ಆದರೂ ಕಲ್ಲುಬೆಂಚಿನ ಮೇಲೆ ಲಿಂಗಕ್ಕ ಅದೇ ಸ್ವೆಟರಿನಲ್ಲಿ ಕೂತಿದ್ದಾರೆ. ಮಂಜಿನೊಳಗಿಂದ ಒಬ್ಬೊಬ್ಬರೇ ಬಂದು ಸಾಲು ಸೇರುತ್ತಾರೆ. ಸುಧಾ ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ತಾವೇ ಬಂದಿದ್ದಾರೆ. ಅವರ ಹಿಂದೆ ಹನುಮಕ್ಕ. ಸೊಂಟದಲ್ಲಿ ಎಲೆ ಅಡಿಕೆ ಚೀಲ, ಕೈಯಲ್ಲಿ ಎರಡು ಹಸುವಿನ ಹಾಲು ಒಂದೇ ಬಕೆಟ್ಟಿನಲ್ಲಿ.

“ಕೆಲ್ಸ ಮುಗೀತಲ್ಲ ಲಿಂಗಕ್ಕ, ಇನ್ನೂ ಯಾಕ್ ಕೂತಿದೀಯ ಈ ಚಳೀಲಿ?” ಎಂದು ಸುಧಾ ಕೇಳುತ್ತಾರೆ.

ಲಿಂಗಕ್ಕ ಸಾಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಏಳುತ್ತಾರೆ.

“ಇವತ್ತು ಎಲ್ಲಾರೂ ಬಂದವ್ರೆ.”